ಗೆರೆಯಾಚೆ ಕೊಟ್ಟ ಒಂದು ಲೋಟ ನೀರು

ನನ್ನ ಹೊಲಿಗೆ ಕೋಣೆಯ ಗೋಡೆಗೆ ಒಂದು ಮರದ ಹಲಗೆ ಹೊಡೆದಿದೆ. ಅದರ ಮೇಲೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಗುಂಡನೆಯ ಗುರುತಿದೆ. ಸುತ್ತಲಿನ ಮರ ಬಿಸಿಲಿಗೆ ಬಿಳಚಿಕೊಂಡಿದ್ದರೂ ಅಷ್ಟು ಜಾಗ ಮಾತ್ರ ಇನ್ನೂ ಕೊಂಚ ಕೆಂಪಗಿದೆ. ಅಳತೆ ಕೊಡಲು ಬಂದವರು ಸುಮ್ಮನಿರಲಾರದೆ "ಅಲ್ಲೇನಿತ್ತು?" ಅಂತ ಕೇಳುತ್ತಾರೆ. ಮನಸ್ಸು ಸರಿಯಿದ್ದರೆ ಹೇಳುತ್ತೇನೆ. ಇಲ್ಲದಿದ್ದರೆ "ಕೈ ಮೇಲೆತ್ತಿ, ಎದೆ ಅಳತೆ ತಗೋಬೇಕು" ಅನ್ನುತ್ತೇನೆ.

ಇವತ್ತು ಮನಸ್ಸು ಸರಿಯಿದೆ. ಅಲ್ಲಿ ಆರು ವರ್ಷ ನನ್ನ ತಂಗಿಯ ಕಪ್ ಇತ್ತು. ಗುಡ್ಡಗಾಡಿನ ದೂರದ ಓಟದಲ್ಲಿ ಅವಳು ಚಾಂಪಿಯನ್. ಎಂಬತ್ತು ಕಿಲೋಮೀಟರ್, ಮೂರು ಗುಡ್ಡ. ಬೆಳಗ್ಗೆ ಐದಕ್ಕೆ ಹೊರಟರೆ ಸಂಜೆ ಏಳರೊಳಗೆ ಮುಗಿಸಬೇಕು. ಪತ್ರಿಕೆಯವರು ಅವಳನ್ನು ಗಾಳಿಯ ಮಗಳು ಅಂತ ಬರೆದರು. ಗಾಳಿಯೂ ಇಲ್ಲ, ಗೀಳಿಯೂ ಇಲ್ಲ. ಅವಳು ನಮ್ಮಪ್ಪನ ಮಗಳು, ಹಾಲಿನ ಡೈರಿಯಲ್ಲಿ ಕ್ಯಾನು ತೊಳೆಯುತ್ತಿದ್ದವರ ಮಗಳು. ಪಾದ ಚಪ್ಪಟೆ, ಹೆಬ್ಬೆರಳಿನ ಉಗುರು ವರ್ಷಕ್ಕೆರಡು ಸಲ ಉದುರುತ್ತಿತ್ತು, ನಡೆಯುವುದನ್ನು ನೋಡಿದರೆ ಥೇಟ್ ಬಾತುಕೋಳಿ. ಓಡಲು ಶುರುಮಾಡಿದಾಗ ಮಾತ್ರ ಎಲ್ಲವೂ ತಾನಾಗಿ ಸರಿಹೋಗುತ್ತಿತ್ತು. ಮನೆಯಲ್ಲಿ ನಾವು ಅವಳನ್ನು ಕಡ್ಡಿ ಅನ್ನುತ್ತಿದ್ದೆವು. ಯಾಕೆ ಅಂತ ಕೇಳಬೇಡಿ, ಆಗ ನೋಡಿದ್ದರೆ ನೀವೂ ಹಾಗೇ ಕರೆಯುತ್ತಿದ್ದಿರಿ.

ಅವಳನ್ನು ಓಟಗಾರ್ತಿ ಮಾಡಿದವಳು ನಾನು. ಅವಳ ಕಪ್ ಕಳೆದವಳೂ ನಾನೇ, ಒಂದು ಲೋಟ ನೀರು ಕೊಟ್ಟು ಕಳೆದೆ. ಆ ಲೋಟವನ್ನು ಸರಿಯಾದ ಜಾಗದಲ್ಲಿ ನಿಂತು ಇನ್ನೊಂದು ಸಲ ಅವಳ ಕೈಗೆ ಕೊಡಬೇಕು ಅನ್ನುವ ಒಂದೇ ಆಸೆ ಇಟ್ಟುಕೊಂಡು ಇಪ್ಪತ್ತೊಂದು ವರ್ಷ ಈ ಮಷೀನು ತುಳಿದಿದ್ದೇನೆ.

ಅಮ್ಮ ತೀರಿಕೊಂಡಾಗ ಕಡ್ಡಿಗೆ ಆರು ವರ್ಷ, ನನಗೆ ಹದಿನೇಳು. ಅಪ್ಪ ಹೋದಾಗ ಅವಳಿಗೆ ಹತ್ತೊಂಬತ್ತು. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು. ನಮ್ಮ ಯಜಮಾನರು ಬಸ್ ಕಂಡಕ್ಟರ್, ಮಾತು ಕಡಿಮೆ. ಬಸ್ಸಿನಲ್ಲಿ ಕೂಗಿ ಕೂಗಿ ಮಾತೆಲ್ಲ ಅಲ್ಲೇ ಖರ್ಚಾಗಿ ಹೋಗುತ್ತಿತ್ತೇನೋ. ತಂಗಿಯನ್ನು ಕರೆತರೋಣವೇ ಅಂತ ಕೇಳಿದ್ದಕ್ಕೆ "ಅದನ್ನೂ ಕೇಳ್ಬೇಕಾ?" ಅಂದರು, ಅಷ್ಟೇ. ಡೈರಿಯವರು ಅಪ್ಪನ ಲೆಕ್ಕದಲ್ಲಿ ಅವಳಿಗೊಂದು ಕೆಲಸ ಕೊಟ್ಟರು, ಮನೆಮನೆಗೆ ಹಾಲು ಹಾಕುವುದು.

ನಮ್ಮ ಬಡಾವಣೆ ಗುಡ್ಡದ ಮೈಗೆ ಅಂಟಿಕೊಂಡಿತ್ತು. ರಸ್ತೆ ಅನ್ನುವುದೇ ಇಲ್ಲ, ಬರೀ ಮೆಟ್ಟಿಲು. ಸೈಕಲ್ ಕೂಡ ಹತ್ತುತ್ತಿರಲಿಲ್ಲ. ಎಪ್ಪತ್ತೆರಡು ಬಾಗಿಲು. ಕೆಳಗಿನ ಡಿಪೋದಲ್ಲಿ ಚೀಲ ತುಂಬಿಕೊಂಡು ಮೇಲಿನ ನೀರಿನ ಟ್ಯಾಂಕಿನವರೆಗೆ ಹಾಕುತ್ತ ಹೋಗಬೇಕು, ಅಲ್ಲಿ ಗುಡ್ಡದ ಹಿಂಬದಿಯಿಂದ ಬಂದ ವ್ಯಾನು ಇಳಿಸಿಹೋದ ಇನ್ನೊಂದಷ್ಟು ಪೊಟ್ಟಣ ತುಂಬಿಕೊಂಡು ಈ ಬದಿಯಿಂದ ಇಳಿಯಬೇಕು. ಸಂದಿಗೊಂದಿ ಎಲ್ಲ ಸೇರಿ ಎಂಟು ಕಿಲೋಮೀಟರಿನ ಸುತ್ತು, ಕೊನೆಯ ಬಾಗಿಲು ನಮ್ಮದು. ಡೈರಿ ಕೊಟ್ಟ ಚೀಲ ಒಂದೇ ಭುಜಕ್ಕೆ ನೇತಾಡಿ ಅವಳ ಕತ್ತು ವಾರೆಯಾಗುತ್ತಿತ್ತು. ನಾನು ಹಳೇ ಕೊಡೆಗಳ ಬಟ್ಟೆ ಬಿಚ್ಚಿ, ಎರಡು ಪದರ ಹಾಕಿ, ಬೆನ್ನಿಗೆ ಅಂಟಿಕೊಂಡು ಕೂರುವ ಒಂದು ಚೀಲ ಹೊಲಿದುಕೊಟ್ಟೆ. ಎದೆಗೊಂದು ಪಟ್ಟಿ, ಸೊಂಟಕ್ಕೊಂದು ಪಟ್ಟಿ. ಕುಣಿದರೂ ಅಲ್ಲಾಡಬಾರದು, ಹಾಗೆ.

ಈಗ ಓಟದ ವಿಷಯ. ನನಗೆ ಮೂಗಿನ ತುದಿಯಲ್ಲೇ ಕೋಪ, ಇದು ಬೀದಿಗೆಲ್ಲ ಗೊತ್ತು. ನಮ್ಮ ಮನೆಯಲ್ಲಿ ತಿಂಡಿ ಎಂಟು ಗಂಟೆಗೆ. ಎಂಟು ಅಂದರೆ ಎಂಟು, ಆಮೇಲೆ ನಾನು ಮಷೀನಿಗೆ ಕೂರಬೇಕು. ಮೊದಲ ವಾರ ಕಡ್ಡಿ ಒಂಬತ್ತಕ್ಕೆ ಬಂದಳು. ತಟ್ಟೆ ಮುಟ್ಟಿ ನೋಡಿ ಮುಖ ಸಣ್ಣ ಮಾಡಿದಳು.

"ತಣ್ಣಗಿದೆ ಅಕ್ಕ."

"ತಣ್ಣಗೇ ಇರತ್ತೆ. ಇನ್ನೊಂದ್ಸಲ ಬಿಸಿ ಮಾಡ್ತಾ ಕೂರಕ್ಕೆ ನಾನೇನು ಹೋಟ್ಲು ಇಟ್ಟಿದೀನಾ?"

ಮರುದಿನದಿಂದ ಅವಳು ಓಡತೊಡಗಿದಳು. ನಿಜ ಹೇಳುತ್ತೇನೆ, ಬೇರೆ ಯಾವ ಕಾರಣವೂ ಇರಲಿಲ್ಲ, ಬಿಸಿ ತಿಂಡಿಗಾಗಿ ಓಡಿದಳು. ಮೂರು ತಿಂಗಳಲ್ಲಿ ಸರಿಯಾಗಿ ಎಂಟಕ್ಕೆ ಬಂದಳು. ವರ್ಷ ಕಳೆಯುವಷ್ಟರಲ್ಲಿ ಏಳೂವರೆಗೇ ಬಂದು, ಒಲೆಯ ಮುಂದೆ ನಿಂತು, "ಇನ್ನೂ ಆಗಿಲ್ವಾ?" ಅಂತ ನನ್ನ ಪ್ರಾಣ ತಿನ್ನುತ್ತಿದ್ದಳು.

ತಿನ್ನುವಾಗ ಅವಳಿಗೆ ಸುತ್ತು ಪೂರ್ತಿ ಹೇಳಿ ಮುಗಿಸಬೇಕು. ಮೊದಲ ಬಾಗಿಲಿಂದ ಕೊನೆಯ ಬಾಗಿಲಿನವರೆಗೆ, ಹಾಲು ಹಾಕಿದ ಸಾಲಿನಲ್ಲೇ. ಹಲ್ಲಿನ ಡಾಕ್ಟರ ಹಸಿರು ಗೇಟು ಕಿರ್ರ್ ಅಂತಿದೆ. ಅಣ್ಣತಮ್ಮಂದಿರ ಮೂರು ಬಾಗಿಲಲ್ಲಿ ಇನ್ನೂ ಮಾತಿಲ್ಲ, ಆದರೆ ಮೂರೂ ಮನೆಗೆ ಒಂದೇ ದಿನ ಮೊಸರು ಬೇಕಂತೆ. ಪಿಟೀಲು ಮೇಷ್ಟ್ರು ಇವತ್ತೂ ಅದೇ ಎರಡು ಸ್ವರದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ನಾನು "ಸಾಕು ಸುಮ್ನೆ ತಿನ್ನೇ, ನಂಗೆ ಕೆಲಸ ಇದೆ" ಅನ್ನುತ್ತಿದ್ದೆ. ಆದರೂ ಒಂದು ಬಾಗಿಲನ್ನೂ ಬಿಡದೆ ಕೇಳಿಸಿಕೊಳ್ಳುತ್ತಿದ್ದೆ. ಹಾಗೆ ಕೇಳಿ ಕೇಳಿ, ಆ ಮೆಟ್ಟಿಲುಗಳನ್ನು ವರ್ಷಕ್ಕೊಂದು ಸಲವೂ ಹತ್ತದ ನನಗೆ ಎಪ್ಪತ್ತೆರಡು ಬಾಗಿಲೂ ಬಾಯಿಪಾಠವಾಗಿಬಿಟ್ಟವು.

ಅವಳಿಗೆ ಇಪ್ಪತ್ತಮೂರಾದಾಗ ಡಿಪೋದ ಗೋಡೆಯ ಮೇಲೆ ಓಟದ ಚೀಟಿ ಅಂಟಿಸಿದ್ದರು. ನನಗೆ ಹೇಳದೆ ಹೆಸರು ಕೊಟ್ಟಳು. ಗೆಳತಿಯ ಮನೆಗೆ ಅಂತ ಸುಳ್ಳು ಹೇಳಿ ಹೋದವಳು ಸಂಜೆ ಭುಜಕ್ಕೊಂದು ಕಂಬಳಿ ಹೊದ್ದುಕೊಂಡು ವಾಪಸ್ ಬಂದಳು. ಬಾಗಿಲ ಮುಂದಿನ ಮೂರು ಮೆಟ್ಟಿಲನ್ನು ಕೂತುಕೊಂಡೇ ಹತ್ತಿದಳು.

"ಏನೇ ಇದು ಅವತಾರ?"

"ಮೂರನೇದಾಗಿ ಬಂದೆ ಅಕ್ಕ."

"ಎಲ್ಲಿಂದ ಬಂದೆ?"

"ಓಟದಲ್ಲಿ. ಎಂಬತ್ತು ಕಿಲೋಮೀಟರು."

ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಎಣ್ಣೆ ಬಿಸಿ ಮಾಡಿ ಕಾಲು ತಿಕ್ಕಿದೆ. ಯಜಮಾನರು ಕುರ್ಚಿಯಲ್ಲಿ ಕೂತು ನಮ್ಮಿಬ್ಬರನ್ನೂ ನೋಡಿ, "ಮುಂದಿನ ವರ್ಷ ನಾವೂ ಹೋಗೋಣ. ದಾರೀಲಿ ಬಯ್ಯೋಕೆ ಒಬ್ರು ಬೇಕಲ್ಲ" ಅಂದರು.

ಮುಂದಿನ ವರ್ಷ ಹೋದೆವು. ಹಾಲಿನ ಚೀಲದ ಅಳತೆಯಲ್ಲೇ ಅರ್ಧಕ್ಕೆ ಇಳಿಸಿ ಓಟಕ್ಕೊಂದು ಚೀಲ ಹೊಲಿದಿದ್ದೆ. ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಮತ್ತೆ ನಿಂಬೆರಸ ಹಿಂಡಿದ ಉಪ್ಪು-ಸಕ್ಕರೆ ನೀರು ತುಂಬಿದ ಕ್ಯಾನು. ಒಂದೊಂದು ಗುಡ್ಡದ ಮೇಲೂ ಒಂದು ತಂಗುಜಾಗ. ಅಲ್ಲಿ ದಾರಿಗೆ ಅಡ್ಡಲಾಗಿ ಎರಡು ಸುಣ್ಣದ ಗೆರೆ ಎಳೆದಿರುತ್ತಿದ್ದರು. ಓಡುವವರಿಗೆ ನೀರಾಗಲಿ ತಿನ್ನಲಾಗಲಿ ಕೊಡುವುದಾದರೆ ಆ ಎರಡು ಗೆರೆಗಳ ನಡುವೆ ಮಾತ್ರ ಕೊಡಬೇಕು. ಹೊರಗೆ ಒಂದು ಗುಟುಕು ಕೊಟ್ಟರೂ ಓಟದಿಂದ ಔಟು. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಒಬ್ಬ ಡ್ರಿಲ್ ಮೇಷ್ಟ್ರು. ಕತ್ತಿನಲ್ಲಿ ಸದಾ ಸೀಟಿ, ಅದಕ್ಕೇ ಎಲ್ಲರ ಬಾಯಲ್ಲೂ ಸೀಟಿ ಮೇಷ್ಟ್ರು. ಕಡ್ಡಿ ದೂರದಲ್ಲಿ ಕಾಣಿಸಿಕೊಂಡಾಗ ನಾನು ಗೆರೆಯ ಒಳಗಿನಿಂದಲೇ ಕೂಗಾಡಿದ್ದನ್ನು ನೋಡಿ ನಕ್ಕರು.

"ಮಾತಿಗೆ ಗೆರೆ ಇಲ್ಲ ತಾಯಿ, ಎಷ್ಟು ಬೇಕಾದ್ರೂ ಕೊಡಿ. ಲೋಟಕ್ಕೆ ಮಾತ್ರ ಇದೆ."

ಆ ವರ್ಷ ಅವಳು ಗೆದ್ದಳು. ಅದೂ ಸೇರಿ ಸತತ ಆರು ವರ್ಷ ಅವಳೇ. ಹೇಗೆ ಓಡುತ್ತೀಯ ಅಂತ ಪತ್ರಿಕೆಯವರು ಕೇಳಿದರೆ ಹಲ್ಲು ಬಿಡುತ್ತಿದ್ದಳೇ ಹೊರತು ಹೇಳುತ್ತಿರಲಿಲ್ಲ. ನನಗೆ ಹೇಳಿದ್ದಳು. ಅವಳು ಕಿಲೋಮೀಟರ್ ಎಣಿಸುತ್ತಿರಲಿಲ್ಲ, ಹಾಲು ಹಾಕುತ್ತಿದ್ದಳು. ಎಂಬತ್ತು ಕಿಲೋಮೀಟರ್ ಅಂದರೆ ನಮ್ಮ ಬಡಾವಣೆಯ ಹತ್ತು ಸುತ್ತು. ಕಾಡಿನ ದಾರಿಯಲ್ಲಿ ಓಡುತ್ತ ಮನಸ್ಸಿನಲ್ಲೇ ಒಂದೊಂದು ಬಾಗಿಲಿಗೂ ಪೊಟ್ಟಣ ಇಟ್ಟುಕೊಂಡು ಹೋಗುತ್ತಿದ್ದಳು. ಹಾಗಾಗಿ ತಂಗುಜಾಗಕ್ಕೆ ಬಂದಾಗ ನಾನು ಹೇಗಿದ್ದೀಯ ಅಂತ ಕೇಳುತ್ತಿರಲಿಲ್ಲ. "ಎಲ್ಲಿದೀಯೇ?" ಅನ್ನುತ್ತಿದ್ದೆ. "ಐದನೇ ಸುತ್ತು, ಬೇಕರಿ ತಿರುವು" ಅನ್ನುತ್ತಿದ್ದಳು. ಸುತ್ತು ಸರಿಯಿದ್ದು ಬಾಗಿಲೂ ಸರಿಯಿದ್ದರೆ ತಲೆ ನೆಟ್ಟಗಿದೆ ಅಂತ ನನಗೆ ಸಮಾಧಾನ. ಲೋಟ ಕೊಡುತ್ತಿದ್ದೆ, ಗಟಗಟ ಕುಡಿಯುತ್ತಿದ್ದಳು. ಎರಡನೇ ಗೆರೆ ದಾಟುವಾಗ ಯಜಮಾನರು ಬಸ್ಸಿನಲ್ಲಿ ಕೂಗುವ ಹಾಗೆಯೇ "ರೈಟ್, ರೈಟ್!" ಅನ್ನುತ್ತಿದ್ದರು. ಅದನ್ನು ಕೇಳದೆ ಅವಳು ಹೊರಡುತ್ತಲೇ ಇರಲಿಲ್ಲ.

ಎಂಥಾ ದಿನಗಳವು! ಕಪ್ ತಂದು ಇದೇ ಹಲಗೆಯ ಮೇಲೆ ಇಟ್ಟೆವು. ಸುಮ್ಮನೆ ಖಾಲಿ ಯಾಕಿರಬೇಕು ಅಂತ ನಾನು ಅದರಲ್ಲಿ ದಾರ ಸುತ್ತಿದ ಬಾಬಿನ್ನು, ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣ ಎಲ್ಲ ತುಂಬಿಸಿಟ್ಟಿದ್ದೆ. ವರ್ಷಕ್ಕೊಮ್ಮೆ ಬಾಬಿನ್ನೆಲ್ಲ ಸುರಿದು, ತೊಳೆದು ಉಜ್ಜಿ ಮೇಷ್ಟ್ರಿಗೆ ಒಪ್ಪಿಸಬೇಕು, ಅದೇ ದಿನ ಸಂಜೆ ಗೆದ್ದು ವಾಪಸ್ ತರಬೇಕು. ಸತತವಾಗಿ ಏಳು ಸಲ ಗೆದ್ದವರಿಗೆ ಕಪ್ ಶಾಶ್ವತವಾಗಿ ಕೊಡುವುದು ಅಂತ ನಿಯಮ. ಅದಕ್ಕೆ ಮುಂಚೆ ಯಾರೂ ನಾಲ್ಕನ್ನೂ ದಾಟಿರಲಿಲ್ಲ. ಏಳನೇ ಸಲಕ್ಕೆ ಹೊರಡುವಾಗ ನಾನು ಬಾಬಿನ್ನುಗಳನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ, "ಸಂಜೆ ಬಂದ್ಮೇಲೆ ಇನ್ನು ನಿಮ್ಮನ್ನ ಯಾರೂ ಎಬ್ಬಿಸಲ್ಲ" ಅಂತ ಅವುಗಳಿಗೇ ಹೇಳಿದ್ದೆ. ಅಷ್ಟು ಜಂಬ ನನಗೆ.

ಆ ವರ್ಷ ಬಿಸಿಲು ವಿಪರೀತವಿತ್ತು. ಎರಡನೇ ಗುಡ್ಡದಲ್ಲಿ "ಎಲ್ಲಿದೀಯೇ?" ಅಂದೆ. "ಐದನೇ ಸುತ್ತು, ಬೇಕರಿ ತಿರುವು" ಅಂದಳು. ಸರಿಯಾಗಿತ್ತು. ಮೂರನೇ ಗುಡ್ಡಕ್ಕೆ ನಾವು ಹಿಂಬದಿಯ ರಸ್ತೆಯಿಂದ ಜೀಪಿನಲ್ಲಿ ಹೋಗಿ ಕಾದೆವು. ನೆತ್ತಿಯ ಮೇಲೊಂದು ಹಳೇ ಕಾವಲು ಮನೆ, ಅದರ ಮುಂದೆ ಸುಣ್ಣದ ಗೆರೆ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಲೋಟ ತುಂಬಿಕೊಂಡು ಗೆರೆ ದಾಟಿ ನಲವತ್ತು ಹೆಜ್ಜೆ ಮುಂದೆ, ದಾರಿಯ ತಿರುವಿಗೆ ಹೋಗಿ ನಿಂತೆ. ನಿಲ್ಲುವುದಕ್ಕೆ ಅಡ್ಡಿಯಿರಲಿಲ್ಲ. ಅವಳು ಬಂದಳು. ಎಲ್ಲರಿಗಿಂತ ಮುಂದಿದ್ದಳು, ಹಿಂದೆ ಯಾರೂ ಕಾಣುತ್ತಿರಲಿಲ್ಲ. ಆದರೆ ತುಟಿ ಬೆಳ್ಳಗಾಗಿತ್ತು, ಬಿಸಿಲಲ್ಲೂ ಮೈ ಮೇಲೆ ಬೆವರಿರಲಿಲ್ಲ.

"ಎಲ್ಲಿದೀಯೇ?"

"ಐದನೇ ಸುತ್ತು," ಅಂದಳು. "ಬೇಕರಿ ತಿರುವು."

ಒಂಬತ್ತನೇ ಸುತ್ತಿನಲ್ಲಿರಬೇಕಾದವಳು ಇನ್ನೂ ಐದರಲ್ಲೇ ನಿಂತಿದ್ದಾಳೆ. ಅವಳ ತಲೆ ಎಲ್ಲೋ ಹಿಂದೆ ಉಳಿದುಹೋಗಿದೆ, ಕಾಲು ಮಾತ್ರ ಇಲ್ಲಿಗೆ ಬಂದಿದೆ ಅನ್ನಿಸಿತು. ಬೇರೆ ಯಾರಿಗಾದರೂ ಆ ಮಾತು ಕೇಳಿಸಿದ್ದರೆ ಏನೂ ಅನ್ನಿಸುತ್ತಿರಲಿಲ್ಲ. ನನಗೆ ಅರ್ಥವಾಯಿತು. ಗೆರೆ, ಕಪ್, ನಿಯಮ ಯಾವುದೂ ನೆನಪಿರಲಿಲ್ಲ. ಅವಳ ಕತ್ತಿನ ಹಿಂದೆ ಕೈ ಹಾಕಿ ಲೋಟವನ್ನು ಬಾಯಿಗಿಟ್ಟೆ. ಕುಡಿದಳು. ಪೂರ್ತಿ ಕುಡಿದಳು. ಸ್ವಲ್ಪ ಹೊತ್ತಿಗೆ ಕಣ್ಣಿಗೆ ಬೆಳಕು ಬಂತು. ನನ್ನನ್ನು ನೋಡಿದಳು, ಕಾಲ ಕೆಳಗಿನ ನೆಲ ನೋಡಿದಳು, ಆಮೇಲೆ ನಲವತ್ತು ಹೆಜ್ಜೆ ಆಚೆಯ ಸುಣ್ಣದ ಗೆರೆ ನೋಡಿದಳು. ಮತ್ತೆ ಓಡಿದಳು. ಅಲ್ಲಿದ್ದವರು ಯಾರೂ ಈ ಕಡೆ ನೋಡಿರಲಿಲ್ಲ, ನಮ್ಮ ಯಜಮಾನರೊಬ್ಬರು ನೋಡಿದ್ದರು. ಅವತ್ತು ಅವರ ಬಾಯಿಂದ ರೈಟ್ ಬರಲಿಲ್ಲ.

ಅವಳೇ ಗೆದ್ದಳು. ಜನ ಕೂಗಿದ್ದೇ ಕೂಗಿದ್ದು. ಸೀಟಿ ಮೇಷ್ಟ್ರು ಕಪ್ ಎತ್ತಿಕೊಂಡು ಬಂದರು, ಅವರ ಕಣ್ಣಲ್ಲೂ ನೀರಿತ್ತು. ಕಡ್ಡಿ ಕೈ ಚಾಚಲಿಲ್ಲ.

"ಮೇಷ್ಟ್ರೇ, ಮೂರನೇ ಗುಡ್ಡದಲ್ಲಿ ಗೆರೆ ಆಚೆ ನೀರು ಕುಡಿದೆ."

ಮೇಷ್ಟ್ರು ನಿಧಾನಕ್ಕೆ ಕೇಳಿದರು, "ಯಾರಮ್ಮ ಕೊಟ್ಟಿದ್ದು?"

"ಕುಡಿದಿದ್ದು ನಾನು," ಅಂದಳು ಅವಳು.

ನಾನು ಹತ್ತಡಿ ದೂರದಲ್ಲಿದ್ದೆ. ಬೀದಿಯಲ್ಲಿ ಯಾರದಾದರೂ ಕೋಳಿ ನಮ್ಮ ಅಂಗಳಕ್ಕೆ ಬಂದರೆ ಮೂರು ಮನೆಗೆ ಕೇಳುವಂತೆ ಕೂಗುವವಳು ನಾನು. "ನಾನೇ ಕೊಟ್ಟೆ, ಅವಳಿಗೆ ಪ್ರಜ್ಞೆಯೇ ಇರಲಿಲ್ಲ" ಅಂತ ಒಂದು ಮಾತು ಹೇಳಬಹುದಿತ್ತು. ತುಟಿ ಪಿಟಕ್ಕೆನ್ನಲಿಲ್ಲ. ನಾಚಿಕೆಯೋ ಭಯವೋ, ಬಾಯಿಗೆ ಹೊಲಿಗೆ ಹಾಕಿದಂತೆ ನಿಂತಿದ್ದೆ. ಕಪ್ ಎರಡನೆಯವಳಿಗೆ ಹೋಯಿತು. ಪಾಪ, ಆ ಹುಡುಗಿಯೂ ಅಳುತ್ತಲೇ ತೆಗೆದುಕೊಂಡಳು.

ಆಮೇಲೆ ಮನೆಗೆ ಬಂದು ನಾನು ಮಾಡಿದ್ದೇನು ಗೊತ್ತೇ? ಕಡ್ಡಿಯ ಮೇಲೆ ಹಾರಾಡಿದೆ. "ಯಾರೂ ನೋಡಿರ್ಲಿಲ್ಲ! ಬಾಯಿ ಮುಚ್ಕೊಂಡಿರಕ್ಕೆ ಏನಾಗಿತ್ತು ನಿಂಗೆ? ದೊಡ್ಡ ಸತ್ಯವಂತೆ!" ಅಂದೆ. ಅವಳು ಶೂ ಬಿಚ್ಚುತ್ತ, "ನಾನು ನೋಡಿದ್ನಲ್ಲ ಅಕ್ಕ" ಅಂದಳು. ಉತ್ತರವಿಲ್ಲದಾಗ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ, ಮಾತು ಬಿಟ್ಟೆ.

ನಾಲ್ಕು ತಿಂಗಳು. ಎಂಟು ಗಂಟೆಗೆ ತಟ್ಟೆ ಇಟ್ಟು ಮಷೀನಿಗೆ ಬಂದು ಕೂರುತ್ತಿದ್ದೆ. ಅವಳು ತಟ್ಟೆ ಎತ್ತಿಕೊಂಡು ಈ ಕೋಣೆಗೇ ಬಂದು, ನೆಲದ ಮೇಲೆ ಕೂತು, ಹೊಲಿಗೆ ಮಷೀನಿನ ಕಡೆ ಮುಖ ಮಾಡಿ ಸುತ್ತು ಹೇಳುತ್ತಿದ್ದಳು. "ಮಷೀನಮ್ಮ, ಕೇಳು. ಡಾಕ್ಟರ ಗೇಟಿಗೆ ಕೊನೆಗೂ ಎಣ್ಣೆ ಬಿಟ್ಟಿದಾರೆ. ಇಸ್ತ್ರಿ ಅಂಗಡಿಯವನಿಗೆ ಮೊಮ್ಮಗಳು ಹುಟ್ಟಿದಾಳಂತೆ." ನಾನು ಇನ್ನೂ ಜೋರಾಗಿ ತುಳಿಯುತ್ತಿದ್ದೆ. ಅವಳೂ ಇನ್ನೂ ಜೋರಾಗಿ ಹೇಳುತ್ತಿದ್ದಳು. ಯಜಮಾನರು ಬಾಗಿಲಿಗೆ ಬಂದು ನೋಡಿ, ತಲೆ ಅಲ್ಲಾಡಿಸಿ ಡ್ಯೂಟಿಗೆ ಹೋಗುತ್ತಿದ್ದರು.

ಒಂದು ದಿನ ಅವಳು ಮೂರು ಬಾಗಿಲ ಅಣ್ಣತಮ್ಮಂದಿರಿಂದ ನೇರವಾಗಿ ಕುಂಟು ನಾಯಿಯ ಮನೆಗೆ ಹಾರಿದಳು. ನಡುವೆ ರಿಟೈರಾದ ನರ್ಸಮ್ಮನ ಮನೆಯಿದೆ. ಒಬ್ಬಂಟಿ ಮುದುಕಿ, ಅರ್ಧ ಲೀಟರು. ಮರೆತಿರಬೇಕು ಅಂದುಕೊಂಡೆ. ಮರುದಿನವೂ ಬಿಟ್ಟಳು. ಮೂರನೇ ದಿನವೂ ಬಿಟ್ಟಾಗ ನನ್ನ ಜೀವ ಬಾಯಿಗೆ ಬಂತು.

"ನರ್ಸಮ್ಮನಿಗೆ ಏನಾಯ್ತೇ?"

ಕಡ್ಡಿ ತಟ್ಟೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದಾರೆ. ಮೂರು ದಿನದಿಂದ ಬಿಟ್ಟು ನೋಡ್ತಿದೀನಿ, ನೀನು ಯಾವಾಗ ಬಾಯಿ ಬಿಡ್ತೀಯ ಅಂತ!"

ಕೈಯಲ್ಲಿದ್ದ ಅಳತೆ ಟೇಪಿನಿಂದಲೇ ಬಾರಿಸಿದೆ. ಆಮೇಲೆ ಇಬ್ಬರೂ ಅತ್ತೆವು. ನಾನೇ ಜಾಸ್ತಿ ಅತ್ತೆ.

ಮಾತೇನೋ ಸರಿಹೋಯಿತು, ಮೂರನೇ ಗುಡ್ಡ ಮಾತ್ರ ಸರಿಹೋಗಲಿಲ್ಲ. ಅವಳು ಓಡುತ್ತಲೇ ಇದ್ದಳು. ದೇಶದ ಚಾಂಪಿಯನ್ ಆದಳು, ಒಂದಲ್ಲ ಎರಡು ಸಲ. ಬೇರೆ ಬೇರೆ ಕಡೆಯ ದೊಡ್ಡ ಬೆಟ್ಟಗಳಲ್ಲಿ ನೂರು ಮೈಲಿಯ ಓಟವನ್ನೂ ಗೆದ್ದಳು. ಪದಕಗಳನ್ನೆಲ್ಲ ಒಂದು ತಲೆದಿಂಬಿನ ಕವರಿಗೆ ಹಾಕಿ ಮಂಚದ ಕೆಳಗೆ ತಳ್ಳಿದ್ದಾಳೆ. ಬೆಳಗಾದರೆ ಮತ್ತೆ ಅದೇ ಚೀಲ, ಅದೇ ಎಪ್ಪತ್ತೆರಡು ಬಾಗಿಲು. ಚಾಂಪಿಯನ್ ಕೈಯಿಂದ ಹಾಲು ತಗೋತೀವಿ ಅಂತ ಪಿಟೀಲು ಮೇಷ್ಟ್ರು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರಂತೆ. ನಮ್ಮ ಗುಡ್ಡದ ಓಟಕ್ಕೆ ನಾನು ಹೋಗುತ್ತಿದ್ದೆ, ಆದರೆ ಎರಡನೇ ಗುಡ್ಡದವರೆಗೆ ಮಾತ್ರ. ಮೂರನೆಯದಕ್ಕೆ ಯಜಮಾನರೊಬ್ಬರೇ ಹೋಗುತ್ತಿದ್ದರು. ಯಾಕೆ ಅಂತ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಕಪ್ ಅವಳ ಕೈಗೆ ಮತ್ತೆರಡು ಸಲ ಬಂತು, ಆದರೆ ಸತತವಾಗಿ ಏಳು ಅನ್ನುವುದು ಮುಗಿದ ಮಾತು. ಹಲಗೆಯ ಮೇಲೆ ಇಡಲು ನಾನೇ ಬಿಡಲಿಲ್ಲ.

ಆಮೇಲೆ ಒಂದೊಂದಾಗಿ ಎಲ್ಲ ಸರಿದುಹೋದವು. ಗುಡ್ಡ ಕಡಿದು ರಸ್ತೆ ಮಾಡಿದರು. ಮೆಟ್ಟಿಲು ಅರ್ಧಕ್ಕರ್ಧ ಹೋದವು. ಬೇಕರಿ ಹೋಯಿತು, ಡಾಕ್ಟರ ಹಸಿರು ಗೇಟು ಹೋಯಿತು, ನರ್ಸಮ್ಮ ಹೋದರು. ಹಾಲಿಗೆ ವ್ಯಾನು ಬಂತು. ಡೈರಿಯವರು ಕಡ್ಡಿಯನ್ನು ಕೌಂಟರಿನ ಹಿಂದೆ ಒಂದು ಕುರ್ಚಿಯಲ್ಲಿ ಕೂರಿಸಿದರು. ಕೂತಲ್ಲೇ ಅವಳ ಮಂಡಿ ಹಿಡಿದುಕೊಂಡಿತು. "ಓಡಿ ಹಾಳಾಗದ ಮಂಡಿ ಕೂತು ಹಾಳಾಯ್ತು ನೋಡಕ್ಕ" ಅನ್ನುತ್ತಿದ್ದಳು. ನನಗೆ ಅರವತ್ತಾದ ವರ್ಷ ಯಜಮಾನರು ಹೋದರು. ಮಲಗಿದ್ದವರು ಹಾಗೇ ಹೋದರು, ಅಲ್ಲೂ ಮಾತಿಲ್ಲ. ಅವರಿಲ್ಲದ ಮನೆ ಇವತ್ತಿಗೂ ನನಗೆ ಒಗ್ಗಿಲ್ಲ.

ಎರಡು ವರ್ಷದ ನಂತರ ಒಂದು ಬೆಳಗ್ಗೆ ಕಡ್ಡಿ ತಿಂಡಿ ತಿನ್ನುತ್ತ ಹೇಳಿದಳು, "ಇನ್ನೊಂದೇ ಸಲ ಓಡ್ತೀನಿ ಅಕ್ಕ."

"ಐವತ್ತೊಂದು ವಯಸ್ಸು ನಿಂಗೆ. ಮಂಡಿ ನೋಡ್ಕೋ."

"ಗೆಲ್ಲಕ್ಕಲ್ಲ ಕಣೆ, ಟೈಮೊಳಗೆ ಮುಗಿಸಕ್ಕೆ. ನೀನು ಮೂರನೇ ಗುಡ್ಡಕ್ಕೆ ಬರ್ಬೇಕು. ಭಾವ ಇಲ್ಲ. ಇನ್ಯಾರಿದಾರೆ ನಂಗೆ?"

ಹೊಸ ಚೀಲ ಹೊಲಿದೆ. ಕೊಡೆ ಬಟ್ಟೆಯದೇ, ನಮ್ಮ ಯಜಮಾನರ ಕೊಡೆಯದು.

ಮೂರನೇ ಗುಡ್ಡದಲ್ಲಿ ಏನೂ ಬದಲಾಗಿರಲಿಲ್ಲ. ಅದೇ ಕಾವಲು ಮನೆ, ಅದೇ ಸುಣ್ಣದ ಗೆರೆ. ಸೀಟಿ ಮೇಷ್ಟ್ರೂ ಇದ್ದರು. ಎಂಬತ್ತು ದಾಟಿತ್ತು, ಮಡಚುವ ಕುರ್ಚಿಯಲ್ಲಿ ಕೂತಿದ್ದರು, ಕತ್ತಿನಲ್ಲಿ ಸೀಟಿ, ಕೈಯಲ್ಲಿ ಗಡಿಯಾರ. ಅಲ್ಲಿಗೆ ನಾಲ್ಕೂವರೆಯೊಳಗೆ ಬಂದವರಿಗೆ ಮಾತ್ರ ಮುಂದಿನ ದಾರಿ. ನಾಲ್ಕೂವರೆಗೆ ಸೀಟಿ ಊದಿದರೆ ಮುಗಿಯಿತು, ಹಿಂದಿದ್ದವರನ್ನು ಜೀಪಿನಲ್ಲಿ ಇಳಿಸುತ್ತಾರೆ. ಒಬ್ಬೊಬ್ಬರಾಗಿ ಎಲ್ಲರೂ ದಾಟಿಹೋದರು. ನಾಲ್ಕಾಯಿತು, ನಾಲ್ಕೂಕಾಲಾಯಿತು. ನಾನು ಲೋಟ ತುಂಬಿಕೊಂಡು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ಎದೆ ಹಗುರವಾಗಬೇಕಿತ್ತು, ಹೇಳಿಬಿಟ್ಟೆ.

"ಮೇಷ್ಟ್ರೇ, ಆ ವರ್ಷ ನೀರು ಕೊಟ್ಟಿದ್ದು ನಾನು."

"ಗೊತ್ತು ತಾಯಿ," ಅಂದರು ಅವರು. "ನಿಮ್ಮಂಥೋರು ಅಷ್ಟು ಹೊತ್ತು ಸುಮ್ಮನೆ ನಿಂತಿದ್ರಲ್ಲ, ಆಗಲೇ ಗೊತ್ತಾಯ್ತು."

ನಗಬೇಕೋ ಅಳಬೇಕೋ ತಿಳಿಯದೆ ತಿರುಗಿದಾಗ ತಿರುವಿನಲ್ಲಿ ಕಡ್ಡಿ ಕಾಣಿಸಿದಳು. ನಾಲ್ಕು ಇಪ್ಪತ್ತಾರು. ಬಂದವಳು ಅಲ್ಲಿದ್ದ ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು. ಅದೇ ಜಾಗ. ನಲವತ್ತು ಹೆಜ್ಜೆ. ಲೋಟ ನನ್ನ ಕೈಯಲ್ಲಿತ್ತು. ನನ್ನ ಚಪ್ಪಲಿಯ ತುದಿ ಸುಣ್ಣಕ್ಕೆ ತಾಗಿತ್ತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನಾನು ನಿಲ್ಲುತ್ತಿರಲಿಲ್ಲ, ಖಂಡಿತ ನಿಲ್ಲುತ್ತಿರಲಿಲ್ಲ.

"ತಾಯಿ," ಅಂದರು ಮೇಷ್ಟ್ರು ಮೆಲ್ಲಗೆ. "ಮಾತಿಗೆ ಗೆರೆ ಇಲ್ಲ."

ಕೂಗಿದೆ. "ಎಲ್ಲಿದೀಯೇ ಕಡ್ಡೀ?"

ತಲೆ ಎತ್ತಿದಳು. "ಗೊತ್ತಿಲ್ಲ ಅಕ್ಕ."

ಅಷ್ಟು ವರ್ಷದಲ್ಲಿ ಒಂದು ಸಲವೂ ಅವಳು ಆ ಮಾತು ಹೇಳಿರಲಿಲ್ಲ.

"ನಂಗೊತ್ತು! ಒಂಬತ್ತನೇ ಸುತ್ತು, ಬೇಕರಿ ತಿರುವು! ಏಳೇ, ಹಾಲು ಕೆಟ್ಟೋಗತ್ತೆ!"

ಎದ್ದಳು. ಮಂಡಿ ಹಿಡಿದುಕೊಂಡು ಎದ್ದಳು.

"ಬೇಕರೀಲಿ ಇಟ್ಯಾ? ಈಗ ಡಾಕ್ಟರ ಮನೆ, ಹಸಿರು ಗೇಟು. ತಳ್ಳು, ಕಿರ್ರ್ ಅನ್ನತ್ತೆ, ಅನ್ಲಿ ಬಿಡು!"

ನಾಲ್ಕು ಹೆಜ್ಜೆ ಬಂದಳು.

"ಅಣ್ಣತಮ್ಮಂದಿರು. ಒಂದು. ಎರಡು. ಮೂರನೆಯವನ ಬಾಗಿಲಲ್ಲಿ ಚಪ್ಪಲಿ ರಾಶಿ, ಎಡವಬೇಡ. ನರ್ಸಮ್ಮನ್ನ ಬಿಟ್ಟುಹೋದ್ರೆ ಕಾಲು ಮುರೀತೀನಿ! ಇಟ್ಯಾ? ಚೆನ್ನಾಗಿದಾರಾ ಅಂತ ಕೇಳು."

"ಚೆನ್ನಾಗಿದಾರೆ," ಅಂದಳು ಕಡ್ಡಿ. ಅಲ್ಲಿಂದ ಅವಳ ದನಿ ನನಗೆ ಕೇಳಿಸಿತು. ನರ್ಸಮ್ಮ ಹೋಗಿ ಹನ್ನೊಂದು ವರ್ಷವಾಗಿತ್ತು.

"ಕುಂಟು ನಾಯಿ. ಅದು ಕಚ್ಚಲ್ಲ. ಪಿಟೀಲು ಮೇಷ್ಟ್ರು, ಅದೇ ಎರಡು ಸ್ವರ. ನಿಲ್ಲಬೇಡ, ನಿಂತ್ರೆ ಪೂರ್ತಿ ನುಡಿಸ್ತಾರೆ! ಇಸ್ತ್ರಿ ಅಂಗಡಿ, ಎರಡು ಪೊಟ್ಟಣ. ಮುಗೀತು. ಇನ್ನೊಂದೇ ಬಾಗಿಲು ಕಣೆ. ಗಂಟೆ ಎಂಟಾಯ್ತು, ತಿಂಡಿ ತಣ್ಣಗಾಗ್ತಿದೆ. ನಾನು ಇನ್ನೊಂದ್ಸಲ ಬಿಸಿ ಮಾಡಲ್ಲ, ಈಗ್ಲೇ ಹೇಳಿದೀನಿ!"

ಗೆರೆ ದಾಟಿದಳು. ಹಿಂದೆಯೇ ಮೇಷ್ಟ್ರು ಸೀಟಿ ಊದಿದರು. ನಾನು ಒಮ್ಮೆ ಕೆಳಗೆ ನೋಡಿದೆ. ಅವಳ ಎರಡು ಪಾದ, ನನ್ನ ಎರಡು ಪಾದ, ನಾಲ್ಕೂ ಗೆರೆಯ ಒಳಗಿದ್ದವು. ಲೋಟ ಅವಳ ಕೈಗೆ ಕೊಟ್ಟೆ. ಅವಸರದಲ್ಲಿ ಅರ್ಧ ಚೆಲ್ಲಿತು.

"ಬಿಸಿ ಇದೆಯಾ?" ಅಂದಳು.

"ನೀರು ಕಣೆ ಅದು. ಕುಡಿ."

ಉಳಿದದ್ದನ್ನು ಕುಡಿದಳು. "ಉಪ್ಪು ಜಾಸ್ತಿಯಾಯ್ತು" ಅಂತ ಲೋಟ ವಾಪಸ್ ಕೊಟ್ಟಳು. ಉಪ್ಪು ಸರಿಯಾಗಿಯೇ ಹಾಕಿದ್ದೆ, ಹಾಗಾದರೆ ನಾನು ಅದರ ಮೇಲೆ ಅಳುತ್ತ ನಿಂತಿದ್ದೆನೋ ಏನೋ, ನೆನಪಿಲ್ಲ. ಅವಳು ಎದೆಯ ಪಟ್ಟಿ ಬಿಗಿದುಕೊಂಡಳು. ಎರಡನೇ ಗೆರೆಯ ಹತ್ತಿರ ಹೋಗಿ ನಿಂತಳು. ಯಾಕೆ ಹೊರಡುತ್ತಿಲ್ಲ ಅಂತ ನನಗೆ ಮೊದಲು ಹೊಳೆಯಲಿಲ್ಲ. ಹೊಳೆದಾಗ ಇದ್ದಬದ್ದ ಶಕ್ತಿ ಎಲ್ಲ ಸೇರಿಸಿ, ಬಸ್ಸಿನ ಕೊನೆಯ ಸೀಟಿಗೂ ಕೇಳುವ ಹಾಗೆ ಕೂಗಿದೆ.

"ರೈಟ್, ರೈಟ್!"

ಬಾತುಕೋಳಿಯ ಹಾಗೆ ಹತ್ತು ಹೆಜ್ಜೆ ನಡೆದಳು. ಆಮೇಲೆ ಓಡಿದಳು.